ಮಗಳಿಗೆ ಇಂಜಿನಿಯರಿಂಗ್ ಸೀಟು ಬಂದಿದೆ, ಜುಲೈನಲ್ಲಿ ಕೈ ಖಾಲಿ. ಒಬ್ಬಳೇ ದುಡಿಯುವವಳು, ದಾರಿ ಗೊತ್ತಿದ್ದವರು ಹೇಳಿ

ಅಂಕೋಲೆಯ ಹೊಲಿಗೆ ಅಮ್ಮ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದಿಕೊಂಡು ಸುಮ್ಮನಿದ್ದೆ. ಇವತ್ತು ಬರೆಯಲೇಬೇಕಾಯಿತು.

ನಾನು ಅಂಕೋಲಾದವಳು. ಮನೆಯ ಜಗಲಿಯಲ್ಲೇ ಮೆಷಿನ್ ಹಾಕಿಕೊಂಡು ಬ್ಲೌಸ್, ಚೂಡಿದಾರ ಹೊಲಿಯುತ್ತೇನೆ. ಮಗಳು ಒಬ್ಬಳೇ. ಅವಳ ಅಪ್ಪ ನಮ್ಮನ್ನು ಬಿಟ್ಟು ಹೋಗಿ ಒಂಬತ್ತು ವರ್ಷವಾಯಿತು. ಡೈವೋರ್ಸ್ ಆಗಿಲ್ಲ. ದುಡ್ಡು ಕಳಿಸುವುದಿಲ್ಲ. ಗೋವಾದಲ್ಲಿದ್ದಾರೆ ಅಂತ ಯಾರೋ ಹೇಳುತ್ತಾರೆ, ಅಷ್ಟೇ.

ಮಗಳು ಹತ್ತನೇ ತರಗತಿಯವರೆಗೆ ಸರ್ಕಾರಿ ಶಾಲೆ, ಆಮೇಲೆ ಸರ್ಕಾರಿ ಪಿಯು ಕಾಲೇಜು. ಟ್ಯೂಷನ್ ಇಲ್ಲ. ಸಿಇಟಿ ಮೊದಲ ಸುತ್ತಿನಲ್ಲೇ ಕಾರವಾರದ ಹತ್ತಿರ ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಲೆಕ್ಟ್ರಾನಿಕ್ಸ್ ಸೀಟು ಬಂದಿದೆ. ಆ ಕಾಗದವನ್ನು ಸೈಬರ್‌ನಲ್ಲಿ ಪ್ರಿಂಟ್ ಮಾಡಿಸಿಕೊಂಡು ಬಂದು, ಮೆಷಿನ್ ಎದುರಿನ ಗೋಡೆಯ ಕ್ಯಾಲೆಂಡರಿಗೆ ಗುಂಡುಪಿನ್ನು ಚುಚ್ಚಿ ಸಿಕ್ಕಿಸಿದ್ದಾಳೆ. ಹೊಲಿಯುತ್ತಾ ತಲೆ ಎತ್ತಿದರೆ ಅದೇ ಕಾಣುತ್ತದೆ.

ಫೀ ವರ್ಷಕ್ಕೆ ನಲವತ್ತು ಸಾವಿರ ದಾಟುತ್ತದೆ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟಿಗೇ ಒಂದು ಲಕ್ಷದ ಮೇಲೆ ಆಗುತ್ತದೆ, ಅದಕ್ಕೆ ಹೋಲಿಸಿದರೆ ಇದು ಕಡಿಮೆಯೇ. ಆದರೆ ಕಟ್ಟಬೇಕಾದ್ದು ಈಗ, ಒಂದೇ ಸಲ, ಕೆಲವೇ ದಿನಗಳಲ್ಲಿ.

ನಮ್ಮ ಕಡೆ ಜುಲೈ ಅಂದರೆ ಹೇಗಿರುತ್ತದೆ ಅಂತ ಕರಾವಳಿಯವರಿಗೆ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ನನಗೆ ಬಟ್ಟೆ ಕೊಡುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮೀನುಗಾರರ ಮನೆಯವರು. ಅವರ ಕೈಯಲ್ಲಿ ದುಡ್ಡು ಓಡಾಡದಿದ್ದರೆ ನನ್ನ ಮೆಷಿನ್ನೂ ಓಡುವುದಿಲ್ಲ. ಏಪ್ರಿಲ್, ಮೇನಲ್ಲಿ ಮದುವೆ, ಬಂಡಿಹಬ್ಬ ಅಂತ ರಾತ್ರಿ ಹನ್ನೆರಡರವರೆಗೆ ಹೊಲಿದಿದ್ದೇನೆ. ಸಂಘದ ಸಾಲದ ಕಂತು, ಮಳೆಗಾಲದ ಸಾಮಾನು, ಮಾಡಿನ ಹಂಚು ಸರಿಮಾಡಿಸಿದ್ದು ಎಲ್ಲ ಕಳೆದು ಉಳಿದದ್ದು ಹದಿನೆಂಟು ಸಾವಿರ. ಗೃಹಲಕ್ಷ್ಮಿಯ 2000 ಬಂದ ದಿನವೇ ಗ್ಯಾಸಿಗೆ, ಕಿರಾಣಿ ಅಂಗಡಿಯ ಲೆಕ್ಕಕ್ಕೆ ಹೋಗುತ್ತದೆ.

ಅಮ್ಮ ಕೊಟ್ಟ ಎರಡು ಬಳೆ ಇವೆ. ಮಗಳ ಮದುವೆಗೆ ಅಂತ ಇಟ್ಟದ್ದು.

ನಾನು ಕೇಳಬೇಕಾದ್ದು ಇದು. ಬಳೆ ಅಡವಿಡುವುದಾ, ಸಂಘದಲ್ಲಿ ಇನ್ನೊಂದು ಸಾಲ ತೆಗೆಯುವುದಾ, ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಹೋಗುವುದಾ? ಯಾವ ಸ್ಕಾಲರ್‌ಶಿಪ್ ನಿಜವಾಗಿ ಕೈಗೆ ಬರುತ್ತದೆ? ನಮ್ಮದು ಪ್ರವರ್ಗ 2ಎ.

ಇನ್ನೊಂದು ಕಷ್ಟ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿ ಐದು ವರ್ಷವಾಗುತ್ತಾ ಬಂತು, ಸೆಪ್ಟೆಂಬರಿಗೆ ಅವಧಿ ಮುಗಿಯುತ್ತದೆ. ಹೊಸದು ಮಾಡಿಸಲು ಹೋದ ಕಚೇರಿಯಲ್ಲಿ ‘ಗಂಡನ ಆಧಾರ್ ತನ್ನಿ, ಅವರ ಆದಾಯ ಹೇಳಿ’ ಅಂದರು. ಇಲ್ಲದವರ ಆದಾಯ ಎಲ್ಲಿಂದ ತರಲಿ? ಸರದಿಯಲ್ಲಿ ಹಿಂದೆ ಹತ್ತು ಜನ ಕೇಳಿಸಿಕೊಳ್ಳುತ್ತಿದ್ದರು. ನಾನು ಏನೂ ಹೇಳದೆ ವಾಪಸ್ ಬಂದೆ.

ಕುಮಟೆಯ ಹಳೇ ಗುಮಾಸ್ತ

ತಂಗೀ, ಮೊದಲು ಮಗಳಿಗೆ ನನ್ನ ಶಾಭಾಸ್ ಹೇಳಿ. ಟ್ಯೂಷನ್ ಇಲ್ಲದೆ ಸೀಟು ತೆಗೆಯುವುದು ಸಣ್ಣ ಮಾತಲ್ಲ.

ಇಪ್ಪತ್ತೆರಡು ವರ್ಷ ಕಾಲೇಜು ಕಚೇರಿಯಲ್ಲಿ ಸ್ಕಾಲರ್‌ಶಿಪ್ ಟೇಬಲ್ ನೋಡಿಕೊಂಡವನು ನಾನು. ನನ್ನ ಅನುಭವದಲ್ಲಿ ಫೀ ಕಟ್ಟುವುದು ಮಳೆಗಾಲದಲ್ಲಿ, ಸ್ಕಾಲರ್‌ಶಿಪ್ ಖಾತೆಗೆ ಬೀಳುವುದು ಬೇಸಿಗೆ ಹತ್ತಿರ ಬಂದಾಗ. ಕೆಲವು ವರ್ಷ ಇನ್ನೂ ತಡ. ಆದ್ದರಿಂದ ಈಗಿನ ಫೀಗೆ ಸ್ಕಾಲರ್‌ಶಿಪ್ ನಂಬಿ ಕೂರಬೇಡಿ. ಈಗ ಬೇಕಾದ್ದು ಆರೇಳು ತಿಂಗಳ ಕೈಗಡ. ಅದನ್ನು ತೀರಿಸಲಿಕ್ಕೆ ಸ್ಕಾಲರ್‌ಶಿಪ್. ಎರಡನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿ, ದುಡ್ಡು ಬರುತ್ತದೆ ಬರುತ್ತದೆ ಅಂತ ಕಾದು ಸೀಟು ಕಳೆದುಕೊಂಡವರನ್ನು ನೋಡಿದ್ದೇನೆ.

ಈಗ ಪ್ರಮಾಣಪತ್ರದ ವಿಷಯ. ನಿಮ್ಮನ್ನು ವಾಪಸ್ ಕಳಿಸಿದ್ದು ಬಾಯಿಮಾತಿನಲ್ಲಿ. ಅರ್ಜಿಯನ್ನೇ ತೆಗೆದುಕೊಂಡಿಲ್ಲ, ಅಲ್ವಾ? ಇನ್ನೊಮ್ಮೆ ಹೋಗಿ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ನೀವೇ ಇದ್ದೀರಿ, ಗೃಹಲಕ್ಷ್ಮಿ ಬರುವುದೂ ಅದರ ಮೇಲೆ. ಅದರ ಪ್ರತಿ, ನಿಮ್ಮ ಮತ್ತು ಮಗಳ ಆಧಾರ್, ಹಳೇ ಪ್ರಮಾಣಪತ್ರ ಒಯ್ಯಿರಿ. ಜೊತೆಗೆ ಒಂದು ಅಫಿಡವಿಟ್ ಮಾಡಿಸಿ: ಗಂಡ ಇಂಥ ವರ್ಷದಿಂದ ಜೊತೆಯಲ್ಲಿಲ್ಲ, ಅವರಿಂದ ಯಾವ ಆದಾಯವೂ ಇಲ್ಲ, ಮನೆ ನಡೆಯುವುದು ಹೊಲಿಗೆಯಿಂದ, ವರ್ಷಕ್ಕೆ ಇಷ್ಟು. ಗ್ರಾಮ ಆಡಳಿತ ಅಧಿಕಾರಿ ವಿಚಾರಣೆಗೆ ಬಂದಾಗ ನಿಮ್ಮನ್ನು ಬಲ್ಲ ಅಕ್ಕಪಕ್ಕದ ಇಬ್ಬರು ಇದ್ದರೆ ಒಳ್ಳೆಯದು. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ಸಕಾಲದ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಬಿದ್ದ ಮೇಲೆ ಗೊತ್ತಾದ ದಿನದೊಳಗೆ ಕೊಡಬೇಕು, ಇಲ್ಲವೇ ಯಾಕೆ ಕೊಡುವುದಿಲ್ಲ ಅಂತ ಬರೆದು ತಿಳಿಸಬೇಕು. ಬರೆದು ಕೊಟ್ಟರೆ ಮೇಲ್ಮನವಿಗೆ ಹೋಗಬಹುದು. ಬಾಯಿಮಾತಿಗೆ ಮೇಲ್ಮನವಿ ಇಲ್ಲ.

ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸಿಕ್ಕಿದ ಮೇಲೆ ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ. ಹಿಂದುಳಿದ ವರ್ಗದವರ ಶುಲ್ಕ ವಿನಾಯಿತಿ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಎಲ್ಲ ಅಲ್ಲೇ. ಮಗಳು ಹಾಸ್ಟೆಲ್ ಸಿಗದೆ ರೂಮು ಮಾಡಿಕೊಂಡು ಇರಬೇಕಾಗಿ ಬಂದರೆ ವಿದ್ಯಾಸಿರಿ ಕೇಳಿ, ಊಟ ವಸತಿಗೆ ಅಂತ ಹತ್ತು ತಿಂಗಳು ಹಣ ಕೊಡುತ್ತಾರೆ.

ಅರ್ಜಿಗಿಂತ ಮುಂಚೆ ಒಂದು ಕೆಲಸ. ಮಗಳ ಹೆಸರು ಆಧಾರ್‌ನಲ್ಲಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಒಂದೇ ತರ ಇದೆಯಾ ಅಂತ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ನಮ್ಮ ಕಾಲೇಜಿನ ಒಬ್ಬ ಹುಡುಗನ ಆಧಾರಿನಲ್ಲಿ ಇಂಗ್ಲಿಷ್ ಹೆಸರಿಗೆ ಒಂದು ‘ಎಚ್’ ಜಾಸ್ತಿ ಇತ್ತು. ಆ ಒಂದು ಅಕ್ಷರಕ್ಕೆ ಅವನ ಇಡೀ ವರ್ಷದ ಹಣ ನಿಂತಿತ್ತು. ಅವನ ಅಪ್ಪ ಹೊನ್ನಾವರದಿಂದ ನಾಲ್ಕು ಸಲ ಬಂದು, ಪ್ರತಿ ಸಲವೂ ನನ್ನ ಟೇಬಲ್ ಎದುರು ಚಪ್ಪಲಿ ಕಳಚಿಟ್ಟೇ ನಿಲ್ಲುತ್ತಿದ್ದರು. ಅದು ನನಗೆ ಇವತ್ತಿಗೂ ನೆನಪಾಗುತ್ತದೆ. ಮತ್ತೆ ಬ್ಯಾಂಕಿಗೆ ಹೋಗಿ ‘ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯಾ’ ಅಂತ ಕೇಳಿ. ಬರೀ ಲಿಂಕ್ ಆಗಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಮೇಲೆ ಬರುವ ಹಣ ಯಾವ ಖಾತೆಗೆ ಹೋಗಬೇಕು ಅನ್ನುವ ದಾಖಲೆ, ಆಗಿರಬೇಕು. ಸರ್ಕಾರದ ಹಣ ಬರುವುದು ಅದರ ಮೂಲಕ.

ಶಿರಸಿ ತೋಟದಮನೆ

ಅಕ್ಕಾ, ನಿಮ್ಮ ಜುಲೈ ಕಥೆ ಓದಿ ನನ್ನದೇ ಓದಿದ ಹಾಗಾಯಿತು. ನಮ್ಮ ಮನೆಯವರು ಗೊನೆ ಕೊಯ್ಯುವಾಗ ಅಡಕೆ ಮರದಿಂದ ಬಿದ್ದು ತೀರಿಹೋಗಿ ಆರು ವರ್ಷ. ನನಗೂ ಒಬ್ಬಳೇ ಮಗಳು. ಈಗ ಇಂಜಿನಿಯರಿಂಗ್ ಮೂರನೇ ವರ್ಷ.

ತೋಟದವರಿಗೆ ದುಡ್ಡು ಬರುವುದು ಅಡಕೆ ಒಣಗಿಸಿ ಮಾರಿದ ಮೇಲೆ. ಜುಲೈ ಅಂದರೆ ನಮಗೂ ಖರ್ಚಿನ ಕಾಲವೇ, ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಹೊತ್ತು. ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳುತ್ತೇನೆ. ಗಾಬರಿಯಲ್ಲಿ ಪರಿಚಯದವರೊಬ್ಬರ ಹತ್ತಿರ ನೂರಕ್ಕೆ ಮೂರರ ಬಡ್ಡಿಗೆ ತಂದೆ. ತಿಂಗಳಿಗೆ ನೂರಕ್ಕೆ ಮೂರು ಅಂದರೆ ವರ್ಷಕ್ಕೆ ನೂರಕ್ಕೆ ಮೂವತ್ತಾರು, ಅದು ಆಗ ತಲೆಗೆ ಹೋಗಲೇ ಇಲ್ಲ. ಮಾತು ಕೇಳಲಿಕ್ಕೆ ಸಣ್ಣದಾಗಿರುತ್ತದೆ. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಮರುವರ್ಷದಿಂದ ಬೇರೆ ಕ್ರಮ ಮಾಡಿದೆ. ಅಡಕೆ ಮಾರಿದ ದಿನವೇ ಮುಂದಿನ ಜುಲೈನ ಫೀ ಬೇರೆ ಖಾತೆಗೆ ಹಾಕುವುದು. ಆ ಖಾತೆಗೆ ಎಟಿಎಂ ಕಾರ್ಡೇ ಮಾಡಿಸಿಲ್ಲ. ನೀವೂ ಮದುವೆ ಸೀಸನ್ನಿನಲ್ಲಿ ಬ್ಲೌಸಿಗೆ ಇಷ್ಟು ಅಂತ ಆಗಾಗಲೇ ತೆಗೆದಿಟ್ಟರೆ ಎರಡನೇ ವರ್ಷದ ಹೊತ್ತಿಗೆ ಹಗುರಾಗುತ್ತದೆ. ಈ ವರ್ಷ ಮಾತ್ರ ಕಷ್ಟ.

ರೈತ ವಿದ್ಯಾನಿಧಿ ಬಗ್ಗೆಯೂ ಹೇಳಬೇಕು. 2021ರಲ್ಲಿ ಶುರುವಾದ ಯೋಜನೆ, ಇಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11000 ಅಂತ ಇತ್ತು. ನಮಗೆ ಮೊದಲ ವರ್ಷ ಸಿಗಲಿಲ್ಲ. ಪಹಣಿ ಇನ್ನೂ ತೀರಿಹೋದವರ ಹೆಸರಿನಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬದಲಾಗುವುದು, ಆಗಿ, ನನ್ನ ಹೆಸರು ಬಂದು, ರೈತರ ಎಫ್‌ಐಡಿ ಸಂಖ್ಯೆ ಆದ ಮೇಲೆ ಬಂತು. ಗಂಡ ತೀರಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಖಾತೆ ಬದಲಾವಣೆಯನ್ನು ಮುಂದೆ ಹಾಕಬೇಡಿ. ಮೈದುನ, ಭಾವ ಏನಂದುಕೊಳ್ಳುತ್ತಾರೋ ಅಂತ ನಾನು ಎರಡು ವರ್ಷ ಸುಮ್ಮನಿದ್ದೆ. ಮಗಳ ಹಣ ಹೋಯಿತು. ಮೀನುಗಾರರ ಮತ್ತು ಕೃಷಿ ಕೂಲಿಯವರ ಮಕ್ಕಳಿಗೂ ಆಮೇಲೆ ಇದನ್ನು ವಿಸ್ತರಿಸಿದರು. ಈಗಲೂ ಕೊಡುತ್ತಾರಾ ಅಂತ ವಿಚಾರಿಸಲು ನಿಮ್ಮ ಗಿರಾಕಿಗಳಿಗೆ ತಿಳಿಸಿ ಅಕ್ಕಾ.

ಬಳೆ ಅಡವಿಡುವುದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮಾರಬೇಡಿ, ಅಷ್ಟೇ.

ಬ್ಯಾಂಕ್ ಕೆಲಸದವ, ಕಾರವಾರ

ಬಳೆ, ಸಂಘ, ಶಿಕ್ಷಣ ಸಾಲ ಅಂತ ಕೇಳಿದ್ದೀರಿ. ಮೂರಕ್ಕೂ ಬೇರೆ ಬೇರೆ ಕೆಲಸ ಇದೆ.

ಶಿಕ್ಷಣ ಸಾಲ ಮಂಜೂರಾಗಲು ವಾರಗಳು ಬೇಕು. ಈಗಿನ ಗಡುವಿಗೆ ಅದು ಮುಟ್ಟುವುದಿಲ್ಲ. ಒಂದು ಬಳೆ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಇಟ್ಟರೆ ಅವತ್ತೇ ಹಣ ಸಿಗುತ್ತದೆ. ಅದರಲ್ಲಿ ಫೀ ಕಟ್ಟಿ, ರಸೀದಿ ಜೋಪಾನ ಮಾಡಿ. ಆ ವಾರವೇ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿ. ಪೋರ್ಟಲ್‌ನಲ್ಲಿ ಹಾಕಿದರೆ ಅರ್ಜಿಯ ದಾಖಲೆ ಇರುತ್ತದೆ, ಸುಮ್ನೆ ‘ಆಗಲ್ಲ’ ಅಂತ ಕಳಿಸಿಬಿಡುವುದು ಕಷ್ಟ. ಈಗಾಗಲೇ ಕಟ್ಟಿದ ಫೀಯನ್ನು ರಸೀದಿ ನೋಡಿ ಸಾಲದಲ್ಲಿ ಸೇರಿಸಿ ಕೊಡುವುದೂ ಉಂಟು, ಶಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಡ, ನಮ್ಮ ಕೈಯಿಂದ ಪಾಲು ಹಾಕುವುದೂ ಬೇಡ. ನಿಮ್ಮ ನಾಲ್ಕು ವರ್ಷದ ಫೀ ಅದರೊಳಗೇ ಬರುತ್ತದೆ. ಅಪ್ಪನ ಸಹಿ ಬೇಕು ಅಂದರೆ ಒಪ್ಪಬೇಡಿ. ಸಹ ಸಾಲಗಾರರು ಅಪ್ಪ, ಅಮ್ಮ ಅಥವಾ ಪೋಷಕರು ಯಾರಾದರೂ ಆಗಬಹುದು. ತೀರಿಸುವುದು ಕೋರ್ಸು ಮುಗಿದು ಒಂದು ವರ್ಷದ ಮೇಲೆ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಅಲ್ಲಿಯವರೆಗಿನ ಬಡ್ಡಿಗೆ ಕೇಂದ್ರದ ಸಹಾಯಧನದ ಯೋಜನೆ ಇದೆ. ಅದಕ್ಕೆ ಕಾಲೇಜಿಗೆ ನ್ಯಾಕ್ ಅಥವಾ ಆ ಕೋರ್ಸಿಗೆ ಎನ್‌ಬಿಎ ಅನ್ನುವ ಗುಣಮಟ್ಟದ ಮಾನ್ಯತೆ ಇರಬೇಕು. ಕಾಲೇಜು ಕಚೇರಿಯಲ್ಲಿ ವಿಚಾರಿಸಿ.

2ಎ ಅಂದಿರಿ. ಹಾಗಾದರೆ ಹಿಂದುಳಿದ ವರ್ಗಗಳ ದೇವರಾಜ ಅರಸು ನಿಗಮದ ಅರಿವು ಸಾಲವನ್ನೂ ನೋಡಿ. ಸಿಇಟಿ ಮೂಲಕ ಸೀಟು ಸಿಕ್ಕವರಿಗೆ ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಶೇ. 2. ಬ್ಯಾಂಕಿನವನಾಗಿ ಹೇಳುತ್ತೇನೆ, ನಮ್ಮ ಬಡ್ಡಿಗಿಂತ ಅದು ಎಷ್ಟೋ ಕಡಿಮೆ. ಅದು ಸಿಕ್ಕರೆ ನಮ್ಮ ಹತ್ತಿರ ಬರಲೇಬೇಡಿ.

ಸಂಘದ ಸಾಲ ಬೇಡ. ಕಂತು ವಾರ ವಾರ ಬರುತ್ತದೆ, ಮೆಷಿನ್ ನಿಂತಿದ್ದರೂ ಬರುತ್ತದೆ.

ಹೊನ್ನಾವರದ ಮೇಷ್ಟ್ರು

ಬೇರೆ ಮಾತು ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಅಂಕೋಲೆಯಲ್ಲೇ ಡಿಗ್ರಿ ಕಾಲೇಜುಗಳಿವೆ. ಬಿಎಸ್ಸಿ ಮಾಡಿ, ಬಿಎಡ್ ಮಾಡಿದರೆ ಊರಲ್ಲೇ ಕೆಲಸ. ಖರ್ಚು ಬಹಳ ಕಡಿಮೆ. ಒಬ್ಬಳೇ ತಾಯಿ ನಾಲ್ಕು ವರ್ಷ ಈ ಭಾರ ಹೊರುವುದು ಸುಲಭ ಅಲ್ಲ, ನಿಮ್ಮ ಆರೋಗ್ಯವನ್ನೂ ನೋಡಿಕೊಳ್ಳಬೇಕು.

ಅಂಕೋಲೆಯ ಹೊಲಿಗೆ ಅಮ್ಮ

ಮೇಷ್ಟ್ರೇ, ನೀವು ಕಾಳಜಿಯಿಂದ ಹೇಳಿದ್ದು ಅಂತ ಗೊತ್ತು. ಮನೆಯ ಹತ್ತಿರದವರೂ ಇದನ್ನೇ ಹೇಳುತ್ತಾರೆ. ಆದರೆ ಒಂದು ವಿಷಯ ಹೇಳುತ್ತೇನೆ. ಎರಡು ವರ್ಷದ ಹಿಂದೆ ನನ್ನ ಮೆಷಿನ್ನಿನ ಮೋಟಾರು ಕೆಟ್ಟಿತ್ತು. ರಿಪೇರಿಯವನು ಹೊಸದು ಹಾಕಬೇಕು ಅಂದ. ಮಗಳು ಅದನ್ನು ಬಿಚ್ಚಿ ನೆಲದ ಮೇಲೆ ಹಳೇ ಸೀರೆ ಹಾಸಿ, ಒಂದೊಂದು ತುಂಡನ್ನೂ ತೆಗೆದ ಸಾಲಿನಲ್ಲೇ ಇಟ್ಟು, ಸವೆದುಹೋದ ಕಾರ್ಬನ್ ಬ್ರಶ್ ತೋರಿಸಿದಳು. ಪೇಟೆಗೆ ಹೋಗಿ ಅದನ್ನೇ ತಂದು ಹಾಕಿದಳು. ಆ ಮೋಟಾರಿನಲ್ಲೇ ಇವತ್ತಿಗೂ ಹೊಲಿಯುತ್ತಿದ್ದೇನೆ. ಅವಳಿಗೆ ಬಿಎಸ್ಸಿ ಇಷ್ಟವಿದ್ದಿದ್ದರೆ ನಾನು ಸಂತೋಷದಿಂದ ಸೇರಿಸುತ್ತಿದ್ದೆ. ದುಡ್ಡಿಲ್ಲ ಅಂತ ಸೇರಿಸಲಾರೆ.

ದಿನಾ ಹೋಗಿಬರುವ ಖರ್ಚಿಲ್ಲ, 2023ರ ಜೂನ್‌ನಿಂದ ಸರ್ಕಾರಿ ಬಸ್ ನಮಗೆ ಫ್ರೀ. ಕಾರವಾರದಲ್ಲಿ ಬಸ್ ಬದಲಿಸಬೇಕು, ಅಷ್ಟೇ. ಹಾಗಾಗಿ ರೂಮು, ಊಟದ ಖರ್ಚು ಉಳಿಯುತ್ತದೆ.

ಗುಮಾಸ್ತ ಅಣ್ಣ ಹೇಳಿದ ಹಾಗೆ ಮೂರು ಕಾಗದ ಪಕ್ಕಪಕ್ಕ ಇಟ್ಟು ನೋಡಿದೆವು. ಪಾಸ್‌ಬುಕ್‌ನಲ್ಲಿ ಇನಿಶಿಯಲ್ ಇಲ್ಲ. ನಾಳೆ ಬ್ಯಾಂಕಿಗೆ ಹೋಗುತ್ತೇನೆ.

ಕುಮಟೆಯ ಹಳೇ ಗುಮಾಸ್ತ

ಹೇಳುವುದು ಮರೆತಿದ್ದೆ. ಹೆಣ್ಣುಮಕ್ಕಳಿಗೆ ಎರಡು ದೊಡ್ಡ ಸ್ಕಾಲರ್‌ಶಿಪ್ ಇವೆ. ಒಂದು ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ, ವರ್ಷಕ್ಕೆ 50000. ಆದಾಯ 8 ಲಕ್ಷದೊಳಗಿರಬೇಕು, ಮೊದಲ ವರ್ಷದಲ್ಲೇ ರಾಷ್ಟ್ರೀಯ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಹಾಕಬೇಕು. ಇನ್ನೊಂದು ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್, ವರ್ಷಕ್ಕೆ 30000. ಹತ್ತನೇ ತರಗತಿ ಮತ್ತು ಪಿಯು ಎರಡೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹುಡುಗಿಯರಿಗೆ. ನಿಮ್ಮ ಮಗಳು ಎರಡನ್ನೂ ಅಲ್ಲೇ ಓದಿದ್ದಾಳೆ! 2025ರಲ್ಲಿ ಸೆಪ್ಟೆಂಬರಿನಲ್ಲಿ ಅರ್ಜಿ ಕರೆದಿದ್ದರು. ಎರಡೂ ಪೋರ್ಟಲ್ ಆಗಾಗ ನೋಡುತ್ತಿರಿ. ಪ್ರಗತಿ ಸಿಕ್ಕರೆ ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಜೊತೆಗೆ ತೆಗೆದುಕೊಳ್ಳಲು ಅಡ್ಡಿ ಬರುತ್ತದೆ, ಯಾವುದು ಉಳಿಸಿಕೊಳ್ಳಬೇಕು ಅಂತ ಆಗ ಕಾಲೇಜಿನಲ್ಲಿ ಕೂತು ಲೆಕ್ಕ ಹಾಕಿ.

ವಕೀಲೆ, ಕುಮಟಾ

ಅಕ್ಕಾ, ಚಿಕ್ಕದಾಗಿ ಹೇಳುತ್ತೇನೆ. ಮದುವೆಯಾಗದ, ಸ್ವಂತ ದುಡಿಮೆ ಇಲ್ಲದ ಮಗಳನ್ನು ನೋಡಿಕೊಳ್ಳುವ ಹೊಣೆ ಅಪ್ಪನಿಗೆ ಕಾನೂನಿನಲ್ಲೇ ಇದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮು. ಅದೇ ಕಾಯ್ದೆಯಲ್ಲಿ ಜೀವನಾಂಶ ಅಂದರೆ ಓದಿನ ಖರ್ಚೂ ಸೇರಿದೆ. ಹದಿನೆಂಟು ದಾಟಿತು ಅಂತ ಮಗಳ ಹಕ್ಕು ಮುಗಿಯುವುದಿಲ್ಲ. ವಕೀಲರ ಫೀ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತ ನೆರವು ಸಿಗುತ್ತದೆ. ತಾಲೂಕು ಕೋರ್ಟಿನಲ್ಲೇ ಸಮಿತಿ ಇರುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ, ಈ ವರ್ಷದ ಫೀಗೆ ಆಗುವುದಿಲ್ಲ. ಆದರೆ ಇನ್ನೂ ಮೂರು ವರ್ಷದ ಫೀ ಇದೆಯಲ್ಲ.

ಅಂಕೋಲೆಯ ಹೊಲಿಗೆ ಅಮ್ಮ

ಹದಿನೈದು ದಿನ ಬರೆಯಲಾಗಲಿಲ್ಲ. ಓಡಾಟವೇ ಓಡಾಟ. ಎಲ್ಲರಿಗೂ ಒಟ್ಟಿಗೆ ಹೇಳುತ್ತೇನೆ.

ಒಂದು ಬಳೆ ಇಟ್ಟೆ. ತಕ್ಕಡಿಗೆ ಹಾಕುವ ಮೊದಲು ಅವರು ಅದನ್ನು ಕಪ್ಪು ಕಲ್ಲಿಗೆ ಉಜ್ಜಿ ನೋಡಿದರು. ಕಲ್ಲಿನ ಮೇಲೆ ಸಣ್ಣ ಹಳದಿ ಗೆರೆ ಮೂಡಿತು. ಅಮ್ಮ ಆ ಬಳೆ ಹಾಕಿಕೊಂಡೇ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದಳು. ಒಂದು ಕಡೆ ಸ್ವಲ್ಪ ನೆಗ್ಗಿದೆ, ಅದನ್ನು ಬೆರಳಿನಿಂದ ಮುಟ್ಟಿ ಕೊಟ್ಟೆ. ಕೈಯಲ್ಲಿದ್ದ ಹದಿನೆಂಟು ಸಾವಿರ ಸೇರಿಸಿ ಅವತ್ತೇ ಫೀ ಕಟ್ಟಿದೆವು. ರಸೀದಿಯನ್ನು ಮೂರು ಝೆರಾಕ್ಸ್ ಮಾಡಿಸಿದ್ದೇನೆ.

ಪ್ರಮಾಣಪತ್ರಕ್ಕೆ ಇನ್ನೊಮ್ಮೆ ಹೋದೆ. ಈ ಸಲ ಅಫಿಡವಿಟ್ ಮುಂದಿಟ್ಟು, ‘ಅರ್ಜಿ ತೆಗೆದುಕೊಂಡು ಚೀಟಿ ಕೊಡಿ, ಆಗುವುದಿಲ್ಲ ಅಂದರೆ ಬರೆದು ಕೊಡಿ’ ಅಂದೆ. ದನಿ ನಡುಗುತ್ತಿತ್ತು, ಆದರೂ ಪೂರ್ತಿ ಹೇಳಿದೆ. ತೆಗೆದುಕೊಂಡರು. ವಿಚಾರಣೆಗೆ ಬಂದ ದಿನ ಪಕ್ಕದ ಮನೆಯ ಇಬ್ಬರು ಹೆಂಗಸರು ಕೆಲಸ ಬಿಟ್ಟು ನನ್ನ ಜಗಲಿಯಲ್ಲಿ ಕೂತಿದ್ದರು. ಆರ್‌ಡಿ ಸಂಖ್ಯೆ ಮೊನ್ನೆ ಬಂತು. ಆದಾಯದ ಕಡೆ ನನ್ನ ದುಡಿಮೆಯನ್ನೇ ಬರೆದಿದ್ದಾರೆ.

ಅರಿವು ಸಾಲಕ್ಕೆ ಅರ್ಜಿ ಹಾಕುತ್ತೇವೆ. ಅದು ಆಗದಿದ್ದರೆ ಬ್ಯಾಂಕು. ವಕೀಲೆ ತಂಗೀ, ನೀವು ಹೇಳಿದ್ದನ್ನು ಮಗಳಿಗೆ ಓದಿ ಹೇಳಿದೆ. ‘ಪರೀಕ್ಷೆ ಮುಗಿಯಲಿ ಅಮ್ಮ, ಆಮೇಲೆ ನಾನೇ ಸಹಿ ಹಾಕುತ್ತೇನೆ’ ಅಂದಳು. ಅವಳ ಹಕ್ಕು, ಅವಳೇ ನಿರ್ಧರಿಸಲಿ.

ಶಿರಸಿ ತಂಗೀ, ನಿಮ್ಮ ಹಾಗೆ ಬೇರೆ ಖಾತೆ ತೆರೆದೆ. ಬೋಟ್‌ಗಳು ಸಮುದ್ರಕ್ಕೆ ಇಳಿದಿವೆ. ಚೌತಿಗೆ ಅಂತ ಹನ್ನೊಂದು ಬ್ಲೌಸ್ ಬಂದಿವೆ, ಒಂದೊಂದರಿಂದಲೂ ಐವತ್ತು ರೂಪಾಯಿ ಆ ಖಾತೆಗೆ.

ಗುಮಾಸ್ತ ಅಣ್ಣ, ಒಂದು ಕೇಳುವುದಿದೆ. ಎಸ್‌ಎಸ್‌ಪಿಗೆ ಈಗಲೇ ಮಗಳ ಖಾತೆ ತೆರೆದಿಟ್ಟುಕೊಳ್ಳಬಹುದಾ, ಇಲ್ಲ ಕಾಲೇಜಿನ ನೋಂದಣಿ ಸಂಖ್ಯೆ ಬರುವವರೆಗೆ ಕಾಯಬೇಕಾ? ಅವಳು ಬೆಳಿಗ್ಗೆ ಬಸ್ಸಿಗೆ ಹೋದರೆ ಬರುವಾಗ ಕತ್ತಲಾಗುತ್ತದೆ. ಭಾನುವಾರ ಇಬ್ಬರೂ ಕೂತು ತುಂಬಿಸಬೇಕು ಅಂತ ಇದ್ದೇವೆ.